ನರ–ಮಾದಿ: ಬಯಲುಸೀಮೆಯ ಜಲಪಾತವನ್ನು ಕುರಿತ ಕೆಲವು ಭ್ರಮೆಗಳು

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಕುಂಭಾರಿಯಲ್ಲಿ, ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಮಾತನಾಡುವ ಈ ಊರಿನಲ್ಲಿ, ಶ್ರಾವಣ ಹುಟ್ಟಿತೆಂದರೆ ಶನಿವಾರದ ಸಂಜೆಗಳ ಚರ್ಚೆಗೆ ವಿಷಯವೊಂದೇ: ನಾಳೆ ಆದಿತ್ಯವಾರ ಬುತ್ತಿ ಕಟ್ಟಿಕೊಂಡು ಎಲ್ಲಿಗೆ ಹೋಗೋಣ? ವಾರವಿಡೀ ಬೀಡಿ ಕಟ್ಟಿ ಬೆರಳು ಸವೆಸಿಕೊಂಡ ತಾಯಂದಿರಿಗೂ, ಶಾಲೆಯ ಪುಸ್ತಕದಲ್ಲಿ ಮಾತ್ರ ಜೋಗವನ್ನು ಕಂಡ ಮಕ್ಕಳಿಗೂ ಬೀಳುವ ನೀರನ್ನು ನೋಡಬೇಕೆಂಬ ಆಸೆ ಸಹಜವಾದುದೇ. ಆದರೆ ಆ ಆಸೆಯ ಸುತ್ತ ಹಬ್ಬಿಕೊಂಡಿರುವ ನಂಬಿಕೆಗಳೆಲ್ಲವೂ ಅಷ್ಟೇ ಸಹಜವೆಂದಾಗಲಿ ನಿಜವೆಂದಾಗಲಿ ಹೇಳಲು ಬಾರದು.

ಮೊದಲನೆಯ ನಂಬಿಕೆ ನಿರಾಶೆಯದು. ಇದು ಬರದ ನಾಡು, ಇಲ್ಲಿ ಕುಡಿಯುವ ನೀರಿಗೇ ತತ್ವಾರ, ಧಬಧಬೆ ಎಲ್ಲಿಯದು, ನೋಡಬೇಕಾದರೆ ಮಹಾಬಳೇಶ್ವರಕ್ಕೋ ಗೋಕಾಕಕ್ಕೋ ಹೋಗಬೇಕು ಎನ್ನುವ ಮಾತನ್ನು ಬಲ್ಲವರೂ ಆಡುತ್ತಾರೆ. ಸಹ್ಯಾದ್ರಿಯ ಮಳೆನೆರಳಿನಲ್ಲಿ ನಾವು ಬಿದ್ದಿರುವುದು ನಿಜ. ಮಹಾಬಳೇಶ್ವರದಲ್ಲಿ ಸುರಿಯುವ ಮಳೆಯ ಆರನೆಯ ಒಂದು ಪಾಲೂ ನಮಗೆ ದಕ್ಕುವುದಿಲ್ಲವೆಂಬುದೂ ನಿಜ. ಆದರೂ ಸೊಲ್ಲಾಪುರದಿಂದ ಹೈದರಾಬಾದಿನ ಹೆದ್ದಾರಿಯನ್ನು ಹಿಡಿದು ಸುಮಾರು 45 ಕಿಲೋಮೀಟರು ಸಾಗಿದರೆ, ಗಂಟೆಯೊಂದು ಮುಗಿಯುವಷ್ಟರಲ್ಲಿ, ಧಾರಾಶಿವ ಜಿಲ್ಲೆಯ ನಳದುರ್ಗದ ಕೋಟೆಯೊಳಗೆ ಬೋರಿ ನದಿಯು ಎರಡು ಧಾರೆಗಳಾಗಿ ಧುಮುಕುವುದನ್ನು ಕಣ್ತುಂಬ ನೋಡಿ, ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದು. ಆ ಧಾರೆಗಳಿಗೆ ಜನರು ಇಟ್ಟ ಹೆಸರು ನರ ಮತ್ತು ಮಾದಿ, ಎಂದರೆ ಗಂಡು ಮತ್ತು ಹೆಣ್ಣು. ಶರಾವತಿಯ ಧಾರೆಗಳಲ್ಲಿ ರಾಜನನ್ನೂ ರಾಣಿಯನ್ನೂ ಕಂಡ ಮನಸ್ಸೇ ಇಲ್ಲಿಯೂ ಕೆಲಸ ಮಾಡಿದೆ. ಇಲ್ಲಿಯದು ಬಡವರ ಸೀಮೆಯಾದುದರಿಂದ ಕಿರೀಟವಿಲ್ಲ, ಅಷ್ಟೇ.

ಎರಡನೆಯದು, ಹೋಗಿ ನೋಡಿ ಬಂದವರಲ್ಲಿಯೂ ಉಳಿದುಕೊಂಡಿರುವ ಭ್ರಮೆ: ಇದು ಪ್ರಕೃತಿನಿರ್ಮಿತವಾದ ಜಲಪಾತವೆಂಬುದು. ಮಕ್ಕಳ ಪ್ರಬಂಧಗಳಲ್ಲಿ ನರ–ಮಾದಿಯನ್ನು 'ನಿಸರ್ಗದ ಕೊಡುಗೆ' ಎಂದು ಬಣ್ಣಿಸಿರುವುದನ್ನು ನಾನೇ ಓದಿದ್ದೇನೆ. ವಾಸ್ತವವಾಗಿ ಇಲ್ಲಿ ನೀರು ಬೀಳುವುದು ಬೆಟ್ಟದಿಂದಲ್ಲ, ಕಟ್ಟೆಯಿಂದ. ಬಿಜಾಪುರದ ಆದಿಲಶಾಹಿಯವರು ಕೋಟೆಗೂ ಎದುರಿನ ರಣಮಂಡಲವೆಂಬ ಉಪದುರ್ಗಕ್ಕೂ ನಡುವೆ ಹರಿಯುತ್ತಿದ್ದ ಬೋರಿಗೆ ಅಡ್ಡಲಾಗಿ, ಸುಮಾರು 90 ಅಡಿ ಎತ್ತರದ ಕಲ್ಲಿನ ಅಣೆಕಟ್ಟನ್ನು ನಿಲ್ಲಿಸಿ, ಅದರ ಬೆನ್ನಿಗೆ ನೀರನ್ನೂ, ನೆತ್ತಿಯ ಮೇಲೆ ದಾರಿಯನ್ನೂ, ಹೊಟ್ಟೆಯೊಳಗೆ ಪಾಣಿಮಹಲೆಂಬ ವಿಲಾಸಗೃಹವನ್ನೂ ಏರ್ಪಡಿಸಿದರು. ಪಾಣಿಮಹಲಿನ ನಿರ್ಮಾಣವು ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ್ದು, 1613ರದು. ಸಂಗೀತಪ್ರಿಯನೆಂದು, ಸರಸ್ವತಿಯನ್ನು ಸ್ತುತಿಸಿದ ಅರಸನೆಂದು, 'ಜಗದ್ಗುರು ಬಾದಶಹ'ನೆಂದು ವಿಜಯಪುರದ ಕಡೆಯ ಕನ್ನಡಿಗರು ನೆನೆಯುವ ಇಬ್ರಾಹಿಮನೇ ಈತ. ಕಟ್ಟೆಯು ತುಂಬಿದಾಗ ಹೆಚ್ಚಾದ ನೀರು ಹೊರಬೀಳಲೆಂದು ಬಿಟ್ಟ ಎರಡು ಕೋಡಿಗಳೇ ನರ ಮತ್ತು ಮಾದಿ. ಮನುಷ್ಯನ ಕೈಕೆಲಸವೆಂದು ತಿಳಿದ ಮೇಲೆ ಸೊಗಸು ಕಡಮೆಯಾಯಿತೆನ್ನುವವರು ಇದ್ದಾರು. ನನಗಂತೂ ಅದು ತಿಳಿದ ದಿನದಿಂದಲೇ ಆ ನೀರಿನ ಮೇಲೆ ಗೌರವ ಹೆಚ್ಚಿತು.

ಇದರ ಬೆನ್ನಿಗೇ ಬರುವುದು ಪವಾಡದ ಮಾತು. ಎರಡೂ ಧಾರೆಗಳು ನೆತ್ತಿಯ ಮೇಲಿಂದ ಗರ್ಜಿಸುತ್ತ ಬೀಳುವಾಗ ಒಳಗಣ ಕೋಣೆಯಲ್ಲಿ ನಿಂತವನ ಮೈಮೇಲೆ ನೀರು ಬೀಳುವುದಿಲ್ಲವೆಂಬುದನ್ನು ಕಂಡು, ಯಾವನೋ ಸಿದ್ಧಪುರುಷನ ಮಹಿಮೆಯೆಂದು ಕೈಮುಗಿಯುವವರುಂಟು. ಇಲ್ಲಿ ಮಹಿಮೆಯಿರುವುದು ಶಿಲ್ಪಿಯ ಲೆಕ್ಕಾಚಾರದಲ್ಲಿ. ಕೆತ್ತಿದ ಕಲ್ಲುಗಳನ್ನು ಗಾರೆಯಲ್ಲಿ ಬಿಗಿಯಾಗಿ ಕೂಡಿಸಿ, ತನ್ನ ಭಾರದಿಂದಲೇ ನೀರಿನ ಒತ್ತಡವನ್ನು ತಡೆದು ನಿಲ್ಲುವಂತೆ ಕಟ್ಟಿದ ಗೋಡೆಯಿದು. ಕೋಡಿಯ ಅಂಚಿನಿಂದ ವೇಗವಾಗಿ ಚಿಮ್ಮುವ ನೀರು ಗೋಡೆಗೆ ಅಂಟಿಕೊಂಡು ಇಳಿಯದೆ ಮುಂದಕ್ಕೆ ಹಾರಿ ಬೀಳುವುದರಿಂದ, ಗೋಡೆಯೊಳಗಿನ ಗವಾಕ್ಷಕ್ಕೂ ಧಾರೆಗೂ ನಡುವೆ ಅಂತರವೊಂದು ಉಳಿದು, ಒಳಗೆ ಕುಳಿತ ರಸಿಕನಿಗೆ ಜಲಪಾತವನ್ನು ಅದರ ಬೆನ್ನಿನಿಂದ ನೋಡುವ ಅಪರೂಪದ ಸುಖವು ಲಭಿಸುತ್ತದೆ. ಒಂದಿಷ್ಟೂ ನೆನೆಯದೆ ಹೊರಬರುತ್ತೀರೆಂದು ಮಾತ್ರ ನಾನು ಹೇಳಲಾರೆ. ತುಂತುರಿಗೆ ಯಾವ ಶಿಲ್ಪಶಾಸ್ತ್ರದ ಹಂಗೂ ಇಲ್ಲ.

ಹೆಸರನ್ನು ಹಿಡಿದು ನಳಮಹಾರಾಜನೇ ಕೋಟೆಯನ್ನು ಕಟ್ಟಿಸಿದನೆನ್ನುವ ಕಥೆಯೂ ಉಂಟು. ಕಥೆ ಕಥೆಯಾಗಿಯೇ ಇರಲಿ. ಈಗ ಕಾಣುವ ಕಲ್ಲುಕಟ್ಟಡವು ಬಹಮನಿ ಮತ್ತು ಆದಿಲಶಾಹಿ ಕಾಲಗಳದು. ಮುಂದೆ ನಿಜಾಮನ ಕೈಯಲ್ಲಿದ್ದ ಈ ಪ್ರಾಂತವು 1853ರ ಒಪ್ಪಂದದಿಂದ ಕೆಲಕಾಲ ಬ್ರಿಟಿಷರ ಆಡಳಿತಕ್ಕೆ ಬಂದಾಗ, ಸುರಪುರದ ಸಂಬಂಧದಿಂದ ಕನ್ನಡಿಗರಿಗೆ ಚಿರಪರಿಚಿತನಾದ ಮೆಡೋಸ್ ಟೇಲರನೇ ಇಲ್ಲಿಯ ಅಧಿಕಾರಿಯಾಗಿ ಬಂದು ಕೋಟೆಯಲ್ಲಿ ವಾಸವಾಗಿದ್ದನು.

ಈಗ ಎಲ್ಲಕ್ಕಿಂತ ಹೆಚ್ಚು ಜನರನ್ನು ಬರಿಗೈಯಲ್ಲಿ ಹಿಂದಿರುಗಿಸುವ ಭ್ರಮೆಗೆ ಬರೋಣ. ಜಲಪಾತವೆಂದರೆ ಆಷಾಢ–ಶ್ರಾವಣ, ಎಂದರೆ ಜುಲೈ–ಆಗಸ್ಟ್, ಎಂದು ಎಲ್ಲರ ತಲೆಯಲ್ಲಿಯೂ ಕುಳಿತುಬಿಟ್ಟಿದೆ. ಕೊಂಕಣದವರಿಗೆ, ಮಲೆನಾಡಿನವರಿಗೆ ಅದು ಸರಿ. ಆ ದಿನಗಳಲ್ಲಿ ಪಡುವಣ ಗಾಳಿಯು ತಂದ ನೀರನ್ನೆಲ್ಲ ಸಹ್ಯಾದ್ರಿಯ ಆಚೆಯ ಇಳಿಜಾರಿನಲ್ಲಿಯೇ ಸುರಿದು, ಈಚೆಗೆ ಬರುವಾಗ ಮೋಡಗಳನ್ನೂ ತಂಪನ್ನೂ ಮಾತ್ರ ಉಳಿಸಿಕೊಂಡು ಬರುತ್ತದೆ. ನಮ್ಮ ಸೀಮೆಗೆ ನಿಜವಾದ ಮಳೆ ಆಗುವುದು ಆ ಗಾಳಿಯ ರಭಸ ಕುಗ್ಗಿ, ಬಂಗಾಳಕೊಲ್ಲಿಯ ಕಡೆಯಿಂದ ಮೋಡಗಳು ಬರತೊಡಗಿ, ಮಧ್ಯಾಹ್ನದ ಸೆಕೆಯು ಸಂಜೆಯ ಗುಡುಗಾಗಿ ಪರಿಣಮಿಸುವ ಸೆಪ್ಟೆಂಬರಿನಲ್ಲಿ. ಸೊಲ್ಲಾಪುರಕ್ಕೆ ವರ್ಷದಲ್ಲೆಲ್ಲ ಅತಿ ಹೆಚ್ಚು ಮಳೆ ತರುವ ತಿಂಗಳು ಅದೇ. ನಮ್ಮ ಒಕ್ಕಲಿಗನಿಗೆ ಇದನ್ನು ಯಾವ ಹವಾಮಾನದ ಕಚೇರಿಯೂ ಕಲಿಸಬೇಕಾಗಿಲ್ಲ. ಹಿಂಗಾರಿ ಜೋಳದ ಬಿತ್ತನೆಗೆ ಅವನು ಕಾಯುವುದೇ ಹುಬ್ಬಿ, ಉತ್ತರಿ, ಹಸ್ತದ ಮಳೆಗಳನ್ನು. ಆಗಸ್ಟಿನ ಮೊದಲ ವಾರ ನಳದುರ್ಗಕ್ಕೆ ಹೊರಟು ನಿಂತ ನಮ್ಮ ಓಣಿಯ ಹುಡುಗರನ್ನು ಕಟ್ಟೆಯ ಮೇಲೆ ಕುಳಿತ ಅಜ್ಜನೊಬ್ಬನು, "ಯಪ್ಪಾ, ಉತ್ತರಿ ಮಳಿ ಆಗ್ಲಿ ತಡೀರೋ, ಈಗ ಹೋದ್ರ ಬರೇ ಗ್ವಾಡಿ ನೋಡ್ಕೊಂಡ ಬರ್ತೀರಿ" ಎಂದು ತಡೆದನು. ಅವರು ಕೇಳಲಿಲ್ಲ. ಹೋದರು, ಗೋಡೆಯನ್ನು ನೋಡಿಕೊಂಡು ಬಂದರು.

ಏಕೆಂದರೆ ಮಳೆ ಬಿದ್ದ ಮಾತ್ರಕ್ಕೆ ನರ–ಮಾದಿ ಹರಿಯುವುದಿಲ್ಲ. ನದಿಯ ನೀರು ಕೋಡಿಯ ಮಟ್ಟಕ್ಕೆ ಏರಬೇಕು. ಅದಕ್ಕೆ ಮೇಲ್ಭಾಗದ ಬಾಲಾಘಾಟದ ಗುಡ್ಡಗಳಲ್ಲಿ, ತುಳಜಾಪುರದ ಆಸುಪಾಸಿನಲ್ಲಿ, ಹಲವು ದಿನ ಮಳೆಯಾಗಿರಬೇಕು. ಕೆಲವು ವರ್ಷ ವಾರಗಟ್ಟಲೆ ಹರಿಯುತ್ತದೆ, ಮಳೆ ಕೈಕೊಟ್ಟ ವರ್ಷ ಹರಿಯುವುದೇ ಇಲ್ಲ. ಆದುದರಿಂದ ಹೊರಡುವ ಮುನ್ನ ಆಕಾಶವನ್ನು ನೋಡುವುದಕ್ಕಿಂತ ನಳದುರ್ಗದಿಂದ ಬಂದ ಬಸ್ಸಿನವರನ್ನು ವಿಚಾರಿಸುವುದು ಲೇಸು.

ಆಕಾಶವನ್ನು ನಂಬುವವರ ಇನ್ನೊಂದು ತಪ್ಪು ಇದಕ್ಕಿಂತ ಘೋರವಾದುದು. ನೆತ್ತಿಯ ಮೇಲೆ ಬಿಸಿಲಿದೆ, ಮೋಡವಿಲ್ಲ, ನೀರಿಗೆ ಇಳಿಯಲು ಭಯವೇನು ಎಂಬುದು ಅವರ ತರ್ಕ. ನದಿಗೆ ನೀರು ಬರುವುದು ನಮ್ಮ ನೆತ್ತಿಯ ಮೇಲಿನ ಆಕಾಶದಿಂದಲ್ಲ. ಭೀಮೆ–ಸೀನೆಯರ ಸಂಗಮವಾದ ಹತ್ತರಸಂಗ ಕೂಡಲದಲ್ಲಿ ನಿಂತವರು ಇದನ್ನು ಚೆನ್ನಾಗಿ ಬಲ್ಲರು: ಸೊಲ್ಲಾಪುರದಲ್ಲಿ ಹನಿಯೂ ಬೀಳದಿರುವಾಗ, ಸಹ್ಯಾದ್ರಿಯ ಮಳೆಯಿಂದ ಉಜನಿ ಜಲಾಶಯವು ತುಂಬಿ ನೀರನ್ನು ಬಿಟ್ಟರೆಂದರೆ ಭೀಮೆಯು ಬಿಸಿಲಿನಲ್ಲಿಯೇ ದಡ ಮೀರುತ್ತಾಳೆ. (ಶಕ 940ರ, ಎಂದರೆ 1018ರ, ಮರಾಠಿ ಶಾಸನವು ದೊರೆತದ್ದು ಇದೇ ಕೂಡಲದಲ್ಲಿ, ಜಲಪಾತವಿಲ್ಲವೆಂದು ಈ ಸಂಗಮವನ್ನು ಆದಿತ್ಯವಾರದ ಪಟ್ಟಿಯಿಂದ ಬಿಡುವವರ ಬಗೆಗೆ ನನಗೆ ಮರುಕವಿದೆ.) ಬೋರಿ ಚಿಕ್ಕ ನದಿ, ಚಿಕ್ಕ ನದಿಯ ನೀರು ಏರುವುದು ಇನ್ನೂ ಬೇಗ. ಧಾರೆಯ ಬುಡವು ಮೇಲಿನ ನೊರೆಯಿಂದಾಗಿ ಮೊಣಕಾಲುದ್ದದಷ್ಟೇ ಆಳವೆಂಬಂತೆ ಕಂಡರೂ, ಕಾಲಕಾಲದಿಂದ ಬಿದ್ದ ನೀರು ಕೊರೆದ ಮಡುವು ಅಲ್ಲಿ ಅಡಗಿರುತ್ತದೆ. ನೊರೆಯಲ್ಲಿ ಗಾಳಿಯೇ ತುಂಬಿರುವುದರಿಂದ ಈಜು ಬಲ್ಲವನನ್ನೂ ಅದು ಎತ್ತಿ ಹಿಡಿಯುವುದಿಲ್ಲ. ಕೋಡಿಯ ಪಾಚಿಗಟ್ಟಿದ ಕಲ್ಲಿನ ಮೇಲೆ ಫೋಟೋಕ್ಕೆಂದು ನಿಲ್ಲುವ ವೀರರಿಗೆ ಹೇಳುವುದಿಷ್ಟೇ: ಇಡೀ ನೋಟವು ಉಪಳಿ ಬುರುಜಿನ ಮೇಲಿಂದ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಏರಬೇಕಾದ ಮೆಟ್ಟಿಲು 77 ಮಾತ್ರ.

ಪ್ರಕೃತಿಯದೇ ಜಲಪಾತ ಬೇಕೆಂದು ಹಟ ಹಿಡಿಯುವವರು ಧಾರಾಶಿವವನ್ನು ದಾಟಿ ಯೆಡಶಿಯ ರಾಮಲಿಂಗಕ್ಕೆ ಹೋಗಲಿ. ಲಾವಾರಸವು ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ದಖ್ಖನಿನ ಕಪ್ಪುಕಲ್ಲಿನಲ್ಲಿ ಗಟ್ಟಿ ಪದರವು ಉಳಿದು ಮೆದು ಪದರವು ಸವೆಯುವುದರಿಂದಲೇ ಇಂಥ ಕಣಿವೆಗಳಲ್ಲಿ ನೀರು ಮೆಟ್ಟಿಲಿಳಿಯುತ್ತದೆ. ಅಲ್ಲಿ ಜಟಾಯುವಿನ ಸ್ಥಳವೆಂದು ನಂಬುವ ಭಕ್ತರ ಶ್ರದ್ಧೆಗೆ ನನ್ನ ತಕರಾರಿಲ್ಲ. ಮಂಗಗಳಿಗೆ ತಿನಿಸು ಹಾಕಿದರೆ ಪುಣ್ಯವೆಂಬ ಶ್ರದ್ಧೆಗೆ ಇದೆ. ಅದು ಅಭಯಾರಣ್ಯ, ಕೈಯಿಂದ ತಿಂದು ರೂಢಿಯಾದ ಮಂಗವು ಮರುವಾರ ಕೈಯನ್ನೇ ಕಚ್ಚುತ್ತದೆ.

ಕಡೆಗೆ ಒಂದು ಮಾತು ಉಳಿದಿದೆ. ನಳದುರ್ಗದ ಗೋಡೆಯ ಮೇಲೆ ಕಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಬಿಚ್ಚಿಕೊಂಡು ಕುಳಿತಾಗ, ಬೀಳುವ ನೀರನ್ನು ನೋಡಿ ಯಾರಾದರೂ ಹಿರಿಯರು ನಿಟ್ಟುಸಿರು ಬಿಡದೆ ಇರುವುದಿಲ್ಲ: ಎಷ್ಟು ನೀರು ದಂಡವಾಯಿತು! ಬರವನ್ನು ಕಂಡ ಜನರ ಕಣ್ಣು ಅದು, ತಪ್ಪೆನ್ನಲು ಮನಸ್ಸು ಬಾರದು. ಆದರೆ ಆ ನೀರು ದಂಡವಾಗುವುದಿಲ್ಲ. ಕೋಟೆಯಿಂದ ಕೆಳಗಿಳಿದ ಬೋರಿಯು ನಮ್ಮ ಕಡೆಗೇ ತಿರುಗಿ ಹರಿದು, ಅಕ್ಕಲಕೋಟೆ ತಾಲೂಕಿನ ಕುರನೂರು ಜಲಾಶಯದಲ್ಲಿ ನಿಂತು, ಅಲ್ಲಿಂದ ಹೊಲಗಳಿಗೂ ಕೊಡಗಳಿಗೂ ಹಂಚಿಹೋಗಿ, ಮಿಕ್ಕದ್ದು ಭೀಮೆಯನ್ನು ಸೇರುತ್ತದೆ. ಆದಿತ್ಯವಾರ ನಳದುರ್ಗದಲ್ಲಿ ನಮ್ಮ ಮುಖಕ್ಕೆ ತುಂತುರಾಗಿ ಸಿಡಿದ ನೀರಿನ ಒಂದು ಪಾಲು, ಮಾಘದ ಹೊತ್ತಿಗೆ, ಬುತ್ತಿಗೆ ರೊಟ್ಟಿಯಾಗುವ ಜೋಳದ ತೆನೆಯಲ್ಲಿ ಹಾಲು ತುಂಬುತ್ತಿರುತ್ತದೆ.