ಜೋಗಿಮಟ್ಟಿಯ ಬಂಗಲೆ ಮತ್ತು ನಮ್ಮ ಬುತ್ತಿ

ಚಿತ್ರದುರ್ಗಕ್ಕೆ ಬಂದವರೆಲ್ಲ ಏಳುಸುತ್ತಿನ ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿಯನ್ನು ಮಕ್ಕಳಿಗೆ ತೋರಿಸುತ್ತಾರೆ, ಸಂಜೆಗೆ ಬಸ್ಸು ಹಿಡಿಯುತ್ತಾರೆ. ಸಹೋದರಿಯರೇ, ನೀವು ಹಿರಿಯೂರಿನವರಿರಲಿ, ಹೊಸದುರ್ಗ, ಹೊಳಲ್ಕೆರೆಯವರಿರಲಿ, ಮನೆಮಂದಿಯ ಪ್ರವಾಸ ಬಹುಶಃ ಅಷ್ಟಕ್ಕೇ ಮುಗಿದಿರುತ್ತದೆ. ಆದರೆ ಊರಿನಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಜೋಗಿಮಟ್ಟಿ ಇದೆ. ಸಮುದ್ರಮಟ್ಟದಿಂದ 3803 ಅಡಿ ಎತ್ತರ. ನೆತ್ತಿಯ ಮೇಲೆ ಬ್ರಿಟಿಷರ ಕಾಲದ ಒಂದು ಬಂಗಲೆ, ಸುತ್ತಲೂ ಕಾಡು.

1831ರಿಂದ 1881ರವರೆಗೆ ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರುಗಳೇ ಆಳಿದರು. ಅರಣ್ಯ ಇಲಾಖೆ ಹುಟ್ಟಿದ್ದೂ ಆ ಅವಧಿಯಲ್ಲೇ, 1864ರಲ್ಲಿ. ದುರ್ಗದ ಬೇಸಗೆ ನಿಮಗೆ ಗೊತ್ತೇ ಇದೆ. ಬಂಡೆಗಳು ರಾತ್ರಿಯೂ ಕಾವು ಬಿಡುವುದಿಲ್ಲ. ಸಾಹೇಬರಿಗೆ ಬೆಟ್ಟದ ತಂಪು ಬೇಕಾಯಿತು. ಬೆಟ್ಟದ ಹೆಸರು ಮಾತ್ರ ಅವರದಲ್ಲ. ಗಿಡಮೂಲಿಕೆ ಬಲ್ಲ ಜೋಗಿಯೊಬ್ಬರಿಂದ ಬಂದದ್ದೆಂದು ಹೇಳುತ್ತಾರೆ.

ಆಫ್ರಿಕಾದ ನಮೀಬಿಯಾದಲ್ಲೂ ಇಂಥದ್ದೊಂದಿದೆ. ಎಟೋಶಾ ಅಭಯಾರಣ್ಯದೊಳಗಿನ ನಮುತೋನಿ ಜರ್ಮನರು ಕಟ್ಟಿದ ಕೋಟೆ. 1904ರ ಜನವರಿಯಲ್ಲಿ ದೊರೆ ನೆಹಾಲೆಯ ಯೋಧರು ಅದರ ಮೇಲೆ ಬಿದ್ದು ನೆಲಸಮ ಮಾಡಿದರು. ಜರ್ಮನರು ಮತ್ತೆ ಕಟ್ಟಿದರು. 1957ರಲ್ಲಿ ಅದೇ ಜಾಗ ಪ್ರವಾಸಿಗರ ತಂಗುದಾಣವಾಯಿತು. ಆಳುವವರಿಗಾಗಿ ಎದ್ದ ಗೋಡೆಗಳ ನಡುವೆ ಈಗ ಯಾರದೋ ಮಕ್ಕಳು ಆಡುತ್ತಾರೆ. ನನಗಂತೂ ಇದು ಒಳ್ಳೆಯ ಸುದ್ದಿಯೇ.

ಜೋಗಿಮಟ್ಟಿಯ ನೂರು ಚದರ ಕಿಲೋಮೀಟರ್ ಕಾಡು 2015ರಲ್ಲಿ ವನ್ಯಜೀವಿಧಾಮವಾಯಿತು. ಚಿರತೆ, ಕರಡಿ, ಮುಳ್ಳುಹಂದಿ, ನವಿಲು ಇಲ್ಲಿವೆ. ಬೆಟ್ಟದ ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊರಡುವ ಮೊದಲೇ ಚಿತ್ರದುರ್ಗದ ಕಚೇರಿಯಲ್ಲಿ ವಿಚಾರಿಸಿ. ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆ ಹೋಗಿ ಬೆಳಕಿರುವಾಗಲೇ ಇಳಿಯುವುದು ಮೇಲು. ಚಿರತೆ ನೋಡಲೇಬೇಕೆಂದು ಹಟ ಹಿಡಿಯುವ ಮಗುವಿಗೆ ಬುಡದಲ್ಲೇ ಆಡುಮಲ್ಲೇಶ್ವರದ ಕಿರು ಮೃಗಾಲಯವಿದೆ.

ಇನ್ನು ಬುತ್ತಿಯ ವಿಷಯ. ನಾವು ಬರಿಗೈಯಲ್ಲಿ ಹೊರಡುವವರಲ್ಲವಲ್ಲ! ಡಬ್ಬಿ ತುಂಬ ಬಿರಿಯಾನಿ, ಕಬಾಬು ಇರುತ್ತದೆ. ಉಂಡ ಮೇಲೆ ಮೂಳೆಗಳನ್ನು ಬಂಡೆಯಾಚೆ ಎಸೆದರೆ ಏನಾಗುತ್ತದೆ ಗೊತ್ತೇ? ವಾಸನೆಗೆ ನಾಯಿಗಳು ಬರುತ್ತವೆ. ನಾಯಿಯ ಹಿಂದೆ ಚಿರತೆ. ನಾಯಿಯ ರುಚಿ ಹತ್ತಿದ ಚಿರತೆ ಬೆಟ್ಟದ ಬುಡದ ಹಟ್ಟಿಗಳತ್ತ ಇಳಿಯುತ್ತದೆ. ಅಲ್ಲಿ ಕುರಿ ಕಳೆದುಕೊಳ್ಳುವವಳು ನಮ್ಮಂಥ ಒಬ್ಬ ಹೆಂಗಸು. ಎರಡು ಕುರಿ ಅವಳ ಮಗಳ ಫೀಸು. ಆಮೇಲೆ ಬೋನು ಬರುತ್ತದೆ, ಚಿರತೆಯ ಓಡಾಟಕ್ಕೂ ಕೊನೆ. ಮಂಗಗಳಿಗೆ ಬಾಳೆಹಣ್ಣು ಕೊಡುವುದೂ ಪುಣ್ಯವಲ್ಲ. ನಾಳೆ ಅದೇ ಮಂಗ ಇನ್ನೊಬ್ಬರ ಕೂಸಿನ ಕೈಗೆ ಬಾಯಿ ಹಾಕುತ್ತದೆ.

ಆದ್ದರಿಂದ ಒಂದು ಖಾಲಿ ಡಬ್ಬಿ ಹೆಚ್ಚಿಗೆ ಒಯ್ಯಿರಿ. ಮೂಳೆ, ಪ್ಲಾಸ್ಟಿಕ್, ಮಗುವಿನ ಡಯಾಪರ್ ಎಲ್ಲವೂ ಮನೆಗೇ ವಾಪಸ್ಸು ಬರಲಿ. ಬೇಸಗೆಯಾದರೆ ಒಲೆ ಹೂಡಲೇಬೇಡಿ. ಒಣಹುಲ್ಲಿಗೆ ಒಂದು ಕಿಡಿ ಸಾಕು.

ಮತ್ತೊಂದು ಮಾತು. ಮೇಲೆ ಗಾಳಿ ಬಲು ಜೋರು. ಸುತ್ತಲಿನ ಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ದುಪಟ್ಟಾಕ್ಕೆ ನಾಲ್ಕು ಪಿನ್ನು ಹೆಚ್ಚಿಗೇ ಇರಲಿ, ಮಕ್ಕಳಿಗೆ ಸ್ವೆಟರ್ ಮರೆಯಬೇಡಿ.