ಬೆಳೆಯನ್ನು ಮೇಯ್ದ ದನವೂ ಕಾಯಿದೆಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ನೆರೆಹೊರೆಯವರ ನಡುವೆ ಹುಟ್ಟುವ ವ್ಯಾಜ್ಯಗಳಿಗೆ ದನಗಳು ಬೆಳೆಗೆ ನುಗ್ಗುವುದು ಒಂದು ಹಳೆಯ ಕಾರಣವಾಗಿದೆ. ವಾನಳ್ಳಿಯಂಥ ಘಟ್ಟದ ಊರುಗಳಲ್ಲಿ ಕಣಿವೆಯಲ್ಲಿ ಅಡಿಕೆಯ ತೋಟ, ಅದರ ಅಂಚಿನಲ್ಲಿ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ. ದನಗಳು ಮೇಯುವುದು ಆ ಬೆಟ್ಟದಲ್ಲಿಯೇ. ನಡುವೆ ಇರುವುದು ಒಂದು ಬೇಲಿ, ಒಂದು ದಣಪೆ ಮಾತ್ರ. ದಣಪೆ ತೆರೆದುಳಿದುದರಿಂದಾಗುವ ಹಾನಿಗಿಂತ, ಆ ಮೇಲೆ ಸಿಟ್ಟಿನಿಂದ ನಡೆಯುವ ಕೃತ್ಯದ ಹಾನಿಯು ಎಷ್ಟೋ ಸಾರಿ ದೊಡ್ಡದು. ಬೆಳೆಯನ್ನು ಕಳೆದುಕೊಂಡವನು ದನದ ಮೇಲೆ ಕತ್ತಿಯನ್ನೆತ್ತಿದನೆಂದರೆ, ಫಿರ್ಯಾದಿಯಾಗಬೇಕಾದವನೇ ಆರೋಪಿಯಾಗಿ ನಿಲ್ಲುತ್ತಾನೆ.

ಈ ವಿಷಯದಲ್ಲಿ ಕಾಯಿದೆಯು ಮನುಷ್ಯನ ಉದ್ದೇಶವನ್ನು ನೋಡುತ್ತದೆ. ದನವು ತಾನಾಗಿ ಬೇಲಿ ಹಾರಿ ಪೈರನ್ನು ಮೇಯ್ದರೆ ಅದು ಮುಖ್ಯವಾಗಿ ನಷ್ಟಭರ್ತಿಯ ಪ್ರಶ್ನೆ. ಆದರೆ ಬೆಳೆ ಕೆಡಲೆಂದೇ ಒಬ್ಬನು ದನಗಳನ್ನು ಪರರ ಹೊಲಕ್ಕೆ ಹೊಡೆದರೆ ಅದು ಅಪರಾಧ. 1860ನೆಯ ಇಸವಿಯ ದಂಡ ಸಂಹಿತೆಯು ಇದನ್ನೇ ಉದಾಹರಣೆಯಾಗಿ ಕೊಟ್ಟಿತ್ತು; 2024ನೆಯ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 324ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ಹಾಗೆಯೇ ಕೆಡುಕು ಮಾಡುವ ಉದ್ದೇಶದಿಂದ ಪರರ ದನವನ್ನು ಕೊಲ್ಲುವುದು, ಅದಕ್ಕೆ ವಿಷವಿಕ್ಕುವುದು, ಅದನ್ನು ಅಂಗಹೀನ ಮಾಡುವುದು 325ನೆಯ ಕಲಮಿನಂತೆ 5 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ತನ್ನ ಬೆಳೆ ಹಾಳಾಯಿತೆಂಬ ಮಾತ್ರಕ್ಕೆ ಈ ಹೊಣೆಯು ತಪ್ಪುವುದಿಲ್ಲ.

ಹಾಗಾದರೆ ರೈತನು ಮಾಡತಕ್ಕದ್ದೇನು? 1871ನೆಯ ಇಸವಿಯ ಕಾಯಿದೆಯು ಇದಕ್ಕೆ ಒಂದು ದಾರಿಯನ್ನು ಹಾಕಿತು. ಬೆಳೆಯನ್ನು ಕೆಡಿಸುತ್ತಿರುವ ದನವನ್ನು ಹಿಡಿದು 24 ತಾಸುಗಳೊಳಗಾಗಿ ಕೊಂಡವಾಡೆಗೆ ಕಳುಹಿಸುವ ಅಧಿಕಾರವನ್ನು ಸಾಗುವಳಿದಾರನಿಗೆ ಕೊಟ್ಟಿತು. ಹಾಗೆ ಹಿಡಿದ ದನವನ್ನು ಬಲಾತ್ಕಾರದಿಂದ ಬಿಡಿಸಿಕೊಂಡು ಹೋದವನಿಗೆ 6 ತಿಂಗಳವರೆಗಿನ ಸೆರೆಯನ್ನಾಗಲಿ, 500 ರೂಪಾಯಿಗಳವರೆಗಿನ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸಿತು. ಅನ್ಯಾಯವಾಗಿ ದನ ಹಿಡಿದವನ ಮೇಲೆ 10 ದಿನಗಳೊಳಗಾಗಿ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡುವ ಹಕ್ಕು ಒಡೆಯನಿಗೂ ಇದ್ದಿತು. 1966ರಲ್ಲಿ ನಮ್ಮ ರಾಜ್ಯವು ಈ ವಿಷಯದಲ್ಲಿ ತನ್ನದೇ ಆದ ಕಾಯಿದೆಯನ್ನು ಮಾಡಿಕೊಂಡಿತು. ಆದುದರಿಂದ ಹಿಡಿದ ದನವನ್ನು ತನ್ನ ಕೊಟ್ಟಿಗೆಯಲ್ಲಿಯೇ ಕಟ್ಟಿಕೊಂಡು ಹಣ ಕೇಳುವುದು ತರವಲ್ಲ. ಹತ್ತಿರ ಕೊಂಡವಾಡೆ ಇಲ್ಲದಿದ್ದರೆ ಗ್ರಾಮ ಪಂಚಾಯತಿಗೂ ಪೊಲೀಸ್ ಠಾಣೆಗೂ ಆ ದಿನವೇ ಬರಹದಲ್ಲಿ ತಿಳಿಸುವುದು ಕ್ಷೇಮ.

ಇನ್ನು ನಷ್ಟದ ಅಂದಾಜು. ಮಳೆಗಾಲದಲ್ಲಿ ಗೊರಸಿನ ಗುರುತು ಒಂದು ಮಳೆಗೆ ಅಳಿಸಿಹೋಗುತ್ತದೆ. ಆದ್ದರಿಂದ ಇಬ್ಬರು ನಿಷ್ಪಕ್ಷಪಾತಿಗಳಾದ ಪಂಚರನ್ನು ಅಂದೇ ಕರೆದು, ಸರ್ವೆ ನಂಬರು, ಹಾಳಾದ ಕ್ಷೇತ್ರ, ಬೆಳೆಯ ವಯಸ್ಸು, ಬೇಲಿಯ ಸ್ಥಿತಿ ಇವುಗಳನ್ನು ಬರೆದು ಸಹಿ ಮಾಡಿಸತಕ್ಕದ್ದು. ಪಹಣಿಯ ಪ್ರತಿಯನ್ನು ಕೂಡಿಸತಕ್ಕದ್ದು. ತೆಂಡೆಯೊಡೆಯುವ ಕಾಲದಲ್ಲಿ ಮೇಯ್ದ ಭತ್ತವು ಮತ್ತೆ ಚಿಗುರಬಹುದು. ತೆನೆ ಹೊರಟ ಮೇಲೆ ಮೇಯ್ದುದು ಆ ವರ್ಷಕ್ಕೆ ಹೋದಂತೆಯೇ. ಅಡಿಕೆಯ ಸಸಿಗೆ ಇರುವುದು ಒಂದೇ ಸುಳಿ. ಅದನ್ನು ಬುಡದವರೆಗೆ ತಿಂದರೆ ಸಸಿಯು ಸತ್ತಂತೆಯೇ; ಫಲಕ್ಕೆ ಕಾಯಬೇಕಾದ 5-7 ವರ್ಷಗಳ ಎಣಿಕೆಯು ಮೊದಲಿನಿಂದ ಆರಂಭವಾಗುತ್ತದೆ. ಅಂದಾಜು ಮಾಡುವವರು ಈ ಭೇದವನ್ನು ಮರೆಯಬಾರದು.

ವಂಶಪಾರಂಪರ್ಯದ ಪಟೇಲಿಕೆಯು 1961ರ ಕಾಯಿದೆಯಿಂದ ರದ್ದಾದರೂ ಊರ ಹಿರಿಯರ ಮಾತಿಗೆ ಬೆಲೆಯಿದ್ದೇ ಇದೆ. ನಷ್ಟದ ಮೊಬಲಗನ್ನು ಉಭಯಪಕ್ಷಗಳ ಒಪ್ಪಿಗೆಯಿಂದ ಗೊತ್ತುಮಾಡಿ ರಾಜಿ ಮಾಡಿಸುವುದು ಅವರಿಗೆ ಯೋಗ್ಯವಾದ ಕೆಲಸ. ಶಿಕ್ಷೆಯೆಂದು ದಂಡ ಹಾಕುವುದು ಮಾತ್ರ ಅವರ ಅಧಿಕಾರಕ್ಕೆ ಸೇರಿದುದಲ್ಲ; ಅದು ನ್ಯಾಯಾಲಯದ್ದು. ಮಳೆಗಾಲಕ್ಕೆ ಮುಂಚೆ ಬೇಲಿಯನ್ನು ಕಟ್ಟಿಸುವುದು, ದಣಪೆಗಳನ್ನು ಭದ್ರಪಡಿಸುವುದು, ಯಾರ ಗಡಿಯ ಬೇಲಿ ಯಾರದೆಂಬುದನ್ನು ಎಲ್ಲರೆದುರಿಗೆ ಗೊತ್ತುಮಾಡುವುದು, ಇಷ್ಟನ್ನು ಹಿರಿಯರು ಮುಂದೆ ನಿಂತು ಮಾಡಿಸಿದರೆ ಕೋರ್ಟಿಗೆ ಹೋಗುವ ಖರ್ಚೂ ನೆರೆಹೊರೆಯ ವೈರವೂ ಬಹಳ ಮಟ್ಟಿಗೆ ತಪ್ಪುವುವು.