ಕಡಲು ಮತ್ತು ಋತು

ಕಾಪುವಿನ ದೀಪಸ್ತಂಭವು 1901ರಿಂದಲೂ ನಾವಿಕರಿಗೆ ದಾರಿ ತೋರುತ್ತಿದೆ. ಅದರ ಉತ್ತರಕ್ಕೆ, ಮಲ್ಪೆಯ ಎದುರಿಗೆ, ಶಿಲಾಸ್ತಂಭಗಳಿಂದ ಕೂಡಿದ ಸೇಂಟ್ ಮೇರೀಸ್ ದ್ವೀಪಗಳಿವೆ. ಚಳಿಗಾಲದಲ್ಲಿ ಪ್ರವಾಸಿಗರಿಂದ ತುಂಬುವ ಈ ದ್ವೀಪಗಳಿಗೆ ಮಳೆಗಾಲದಲ್ಲಿ ಪ್ರವಾಸದ ದೋಣಿಗಳು ಹೋಗುವುದಿಲ್ಲ. ಇದಕ್ಕೆ ಕಾರಣವೇನು?

ನೆಲವು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ; ನೀರು ಎರಡರಲ್ಲಿಯೂ ನಿಧಾನ. ಬೇಸಗೆಯಲ್ಲಿ ನಮ್ಮ ದೇಶದ ನೆಲವು ಕಾದಾಗ ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ತೆರವನ್ನು ತುಂಬಲು ಅರಬ್ಬೀ ಸಮುದ್ರದ ತೇವದ ಗಾಳಿ ನುಗ್ಗಿ ಬರುತ್ತದೆ. ಇದೇ ನೈಋತ್ಯ ಮಾರುತ. ಸಾಮಾನ್ಯವಾಗಿ ಜೂನ್ ತಿಂಗಳ ಮೊದಲ ವಾರದಲ್ಲಿ ಇದು ಕರಾವಳಿಯನ್ನು ಮುಟ್ಟುತ್ತದೆ. ಪಶ್ಚಿಮ ಘಟ್ಟಗಳು ಅಡ್ಡನಿಂತು ಇದನ್ನು ಮೇಲಕ್ಕೆತ್ತುತ್ತವೆ. ಮೇಲೇರಿದ ಗಾಳಿ ತಣಿದು, ಅದರಲ್ಲಿನ ತೇವವು ಮಳೆಯಾಗಿ ಸುರಿಯುತ್ತದೆ. ಉಡುಪಿ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುವುದು ಹೀಗೆ.

ಅದೇ ಮಾರುತವು ಕಡಲನ್ನೂ ಕೆರಳಿಸುತ್ತದೆ. ದಡಕ್ಕೆ ಅಪ್ಪಳಿಸಿದ ನೀರು ರಭಸದಿಂದ ಹಿಂದಕ್ಕೆ ಸರಿಯುವಾಗ ಈಜು ಬಲ್ಲವರನ್ನೂ ಸೆಳೆದೊಯ್ಯಬಲ್ಲುದು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ; ಅನೇಕ ಜಾತಿಯ ಮೀನುಗಳು ಮರಿಮಾಡುವ ಕಾಲವೂ ಅದೇ. ಮಳೆಗಾಲ ಕಳೆದು ಗಾಳಿಯು ದಿಕ್ಕು ಬದಲಿಸಿದ ಮೇಲೆ ಅಲೆಗಳು ತಗ್ಗುತ್ತವೆ, ದ್ವೀಪದ ದಾರಿ ಮತ್ತೆ ತೆರೆಯುತ್ತದೆ.

ಗಾಳಿಯನ್ನು ನೋಡಿಯೇ ದೋಣಿಯನ್ನು ಇಳಿಸುವುದು ನಮ್ಮ ಮೊಗವೀರರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ವಿವೇಕ. ಕಡಲ ತೀರಕ್ಕೆ ವಿಹಾರಕ್ಕೆಂದು ಹೋಗುವವರಿಗೂ ಅದು ಬೇಕು.